ಹೆಡ್‌ಲೈಟ್ ದುರಸ್ತಿ: ಕೂಲಿ ಉಳಿಸುವ ಮುನ್ನ

ರೋಣ, ನರಗುಂದ, ಗಜೇಂದ್ರಗಡಗಳ ವರ್ತಕರು ಗದಗ, ಹುಬ್ಬಳ್ಳಿ ಪೇಟೆಯಿಂದ ಊರು ಸೇರುವಷ್ಟರಲ್ಲಿ ಕತ್ತಲಾಗುವುದು ಸಾಮಾನ್ಯ. ಒಂದೇ ಹೆಡ್‌ಲೈಟ್ ಉರಿಯುವ ಕಾರು ಎದುರಿನವರಿಗೆ ಮೋಟಾರ್ ಸೈಕಲ್‌ನಂತೆ ತೋರುವುದರಿಂದ ಈ ದುರಸ್ತಿಯನ್ನು ಮುಂದೂಡುವಂತಿಲ್ಲ. ಹಾಗೆಂದು ಪ್ರತಿ ಬಾರಿಯೂ ಮೆಕ್ಯಾನಿಕ್‌ಗೆ ಕೂಲಿ ತೆರಬೇಕಾಗಿಯೂ ಇಲ್ಲ.

ಎರಡೂ ದೀಪಗಳು ಒಮ್ಮೆಲೇ ಆರಿದ್ದರೆ ಮೊದಲು ಫ್ಯೂಸ್, ರಿಲೇ ಪರೀಕ್ಷಿಸತಕ್ಕದ್ದು. ಒಂದೇ ಆರಿದ್ದರೆ, ತಣ್ಣಗಾದ ಬಳಿಕ ಎಡಬಲದ ಬಲ್ಬುಗಳನ್ನು ಅದಲುಬದಲು ಮಾಡಿ ನೋಡಬೇಕು. ದೋಷವೂ ಬದಿ ಬದಲಿಸಿದರೆ ಬಲ್ಬು ಸುಟ್ಟಿದೆ. ಅಲ್ಲಿಯೇ ಉಳಿದರೆ ಆ ಬದಿಯ ಫ್ಯೂಸ್, ಕನೆಕ್ಟರ್ ಅಥವಾ ಅರ್ಥ್ ತಂತಿಯನ್ನು ಶಂಕಿಸಬೇಕು. ಎರೆಮಣ್ಣಿನ ಕೆಸರು ಎರಚಿ ಕನೆಕ್ಟರ್ ಕಿಲುಬು ಹಿಡಿಯುವುದು ಈ ಭಾಗಕ್ಕೆ ಹೊಸದೇನಲ್ಲ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು; ಬೆರಳಿನ ಜಿಡ್ಡು ತಗುಲಿದ ಕಡೆ ಅತಿಯಾಗಿ ಕಾದು ಬಲ್ಬು ಬೇಗ ಕೆಡುತ್ತದೆ. 60/55 ವ್ಯಾಟ್‌ನ ಎಚ್4 ಬಲ್ಬಿನ ಜಾಗಕ್ಕೆ 100/90 ವ್ಯಾಟ್‌ನದನ್ನು ಹಾಕುವ ಚಪಲ ಹಲವರಲ್ಲಿದೆ. ಹೋಲ್ಡರ್ ಕರಗಿ ತಂತಿ ಸುಟ್ಟಾಗ ತಗಲುವ ವೆಚ್ಚ ಉಳಿಸಿದ ಕೂಲಿಯ ಹಲವು ಪಟ್ಟು. ಒಂದೇ ಘಟಕವಾಗಿ ಬರುವ ಎಲ್‌ಇಡಿ ದೀಪಗಳಿಗಂತೂ ಕೈ ಹಾಕದಿರುವುದೇ ಲೇಸು.

ಬಿಲ್ಲಿನ ವಿಷಯ ಬೇರೆ. ಸರಕು ಸಾಗಣೆ ವಾಹನಕ್ಕೆ ಕೊಂಡ ಬಲ್ಬಿನ ಜಿಎಸ್‌ಟಿಗೆ, ನಿಯಮಿತ ನೋಂದಣಿಯುಳ್ಳ ವರ್ತಕರು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಸ್ವಂತ ಓಡಾಟದ ಕಾರನ್ನು ಗ್ಯಾರೇಜಿಗೆ ಬಿಟ್ಟು ಮಾಡಿಸಿದ ದುರಸ್ತಿಗೆ ಆ ಸೌಲಭ್ಯವಿಲ್ಲ. ಆದರೂ ಬಿಲ್ಲನ್ನು ಬಿಸಾಡದೆ ಗುಮಾಸ್ತರಿಗೆ ಒಪ್ಪಿಸಿದರೆ, ವ್ಯಾಪಾರಕ್ಕೆ ಬಳಸಿದಷ್ಟು ಭಾಗವನ್ನು ವಾಹನ ವೆಚ್ಚದ ಖಾತೆಗೆ ಬರೆಯಲು ಅಡ್ಡಿಯಿಲ್ಲ.