ಪೊರೆ ತೆಗೆಸಿದ ಮೇಲೂ ಷಟರ್ ಗೆರೆ ಡೊಂಕು ಕಾಣ್ತಿದೆಯಾ? ತೊಂದರೆ ಕಣ್ಣಿನ ಹಿಂದಿನ ಪದರದಲ್ಲಿರಬಹುದು

ರಾಮನಗರ: ‘ಪೊರೆ ಆಪರೇಷನ್ ಆಗಿ ಆರು ತಿಂಗಳಾಯ್ತು. ದೂರದ ಬಸ್ಸು ಕಾಣ್ತದೆ, ಬೋರ್ಡಿನ ಅಕ್ಷರ ಮಾತ್ರ ಸೊಟ್ಟ. ಎದುರಿಗೆ ನಿಂತೋರ ಮುಖದ ಮಧ್ಯೆ ಮಸಿ ಬಳಿದಂಗೆ...’

ಹಿರಿಯರು ಇರುವ ಮನೆಗಳಲ್ಲಿ ಇಂಥ ಮಾತು ಕೇಳಿಯೇ ಇರ್ತೀರಿ. ‘ವಯಸ್ಸಾಯ್ತು, ನರ ವೀಕ್ ಆಗಿದೆ, ಇನ್ನೇನು ಮಾಡೋಕಾಗ್ತದೆ’ ಅಂತ ಮನೆಯವರು ಸುಮ್ಮನಾಗುವುದೂ ಉಂಟು. ಇಲ್ಲೇ ತಪ್ಪುತ್ತಿರುವುದು. ಮ್ಯಾಕುಲಾ ಕಾಯಿಲೆಗಳಲ್ಲಿ ಕೆಲವಕ್ಕೆ ಇವತ್ತು ಚಿಕಿತ್ಸೆ ಇದೆ. ಆದರೆ ವಾರಗಳ ಲೆಕ್ಕದಲ್ಲಿ ತಡವಾದರೂ ಹೋದ ದೃಷ್ಟಿ ವಾಪಸ್ ಬರುವುದು ಕಷ್ಟ.

ಪೊರೆ ಬೇರೆ, ಪರದೆ ಬೇರೆ

ನಾವು ಪೊರೆ ಅನ್ನುವುದು ಕಣ್ಣಿನ ಮುಂಭಾಗದ ಮಸೂರ ಮಬ್ಬಾಗುವುದನ್ನು. ಅದನ್ನು ತೆಗೆದು ಹೊಸ ಲೆನ್ಸ್ ಹಾಕಿದರೆ ಮುಗಿಯಿತು. ಮ್ಯಾಕುಲಾ ಇರುವುದು ಕಣ್ಣಿನ ಹಿಂಗೋಡೆಯಲ್ಲಿ. ಅಲ್ಲಿ ಸಿನಿಮಾ ಪರದೆಯ ಹಾಗೆ ರೆಟಿನಾ ಹರಡಿಕೊಂಡಿದೆ. ಅದರ ನಟ್ಟನಡುವಿನ, ಸುಮಾರು 5.5 ಮಿ.ಮೀ. ಅಗಲದ ಜಾಗವೇ ಮ್ಯಾಕುಲಾ. ಸೂಜಿಗೆ ದಾರ ಪೋಣಿಸುವುದು, ಬಿಲ್ ಓದುವುದು, ನೋಟು ಎಣಿಸುವುದು, ಮುಖ ಗುರುತಿಸುವುದು ಎಲ್ಲವೂ ಇಷ್ಟೇ ಇಷ್ಟು ಜಾಗದ ಕೆಲಸ.

ಮ್ಯಾಕುಲಾ ಕೆಟ್ಟರೆ ಪೂರ್ತಿ ಕತ್ತಲಾಗುವುದಿಲ್ಲ, ಅಕ್ಕಪಕ್ಕ ಕಾಣ್ತಲೇ ಇರುತ್ತದೆ. ಹಾಗಾಗಿ ಓಡಾಟಕ್ಕೆ ತೊಂದರೆ ಇಲ್ಲ, ಕಸುಬಿಗೆ ಮಾತ್ರ ಕುತ್ತು. ಬೇಸಿನ್‌ನಲ್ಲಿ ರೇಷ್ಮೆ ಎಳೆಯ ತುದಿ ಹಿಡಿಯುವ ಬಿಚ್ಚಾಣಿಕೆದಾರರಿಗೆ, ಅರಗಿನ ಬೊಂಬೆಗೆ ಕಣ್ಣು-ಮೂಗು ಬರೆಯುವ ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ರೇಷ್ಮೆ ಎಳೆಗಿಂತ ತೆಳು

ರೆಟಿನಾ ಒಂದೇ ಹಾಳೆಯಲ್ಲ, ಚಿರೋಟಿಯ ಹಾಗೆ ಪದರ ಪದರ. ಬೆಳಕು ಹಿಡಿಯುವ ಕೋಶಗಳ ಹಿಂದೆ ಅವುಗಳ ಆರೈಕೆ ಮಾಡುವ ಕಂದು ಬಣ್ಣದ ಕೋಶಗಳ ಒಂದು ಸಾಲಿದೆ. ಅದರ ಹಿಂದೆ ಒಂದು ತೆಳು ಪೊರೆ, ಆ ಪೊರೆಯ ಆಚೆಗೆ ರಕ್ತನಾಳಗಳು. 19ನೇ ಶತಮಾನದ ಜರ್ಮನ್ ಅಂಗರಚನಾ ತಜ್ಞ ಕಾರ್ಲ್ ಬ್ರೂಕ್ ಹೆಸರಿನಲ್ಲಿ ಇದನ್ನು ಬ್ರೂಕ್ ಪೊರೆ ಅಂತಾರೆ.

ಇದರ ದಪ್ಪ 2ರಿಂದ 4 ಮೈಕ್ರೋಮೀಟರ್. ಒಂದು ಮಿ.ಮೀ.ಯನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರೋಮೀಟರ್. ನಮ್ಮ ಗೂಡಿನಿಂದ ಬಿಚ್ಚುವ ಒಂಟಿ ಎಳೆಯೇ ಸುಮಾರು 20 ಮೈಕ್ರೋಮೀಟರ್ ಬರುತ್ತದೆ. ಅಂದರೆ ಈ ಪೊರೆ ರೇಷ್ಮೆ ಎಳೆಗಿಂತಲೂ ಹಲವು ಪಟ್ಟು ತೆಳು.

ಜಾಲರಿ ಕಟ್ಟಿಕೊಂಡಾಗ

ಬ್ರೂಕ್ ಪೊರೆ ಟೀ ಸೋಸುವ ಜಾಲರಿ ಇದ್ದ ಹಾಗೆ. ರಕ್ತದಿಂದ ಆಮ್ಲಜನಕ, ಪೋಷಕಾಂಶ ಒಳಗೆ ಬರಬೇಕು, ಕಸ ಹೊರಗೆ ಹೋಗಬೇಕು. ಕಸವೂ ಕಡಿಮೆ ಏನಿಲ್ಲ. ಬೆಳಕು ಹಿಡಿಯುವ ಕೋಶಗಳ ತುದಿ ದಿನಾ ಸವೆದು ಉದುರುತ್ತದೆ, ಹತ್ತು ದಿನದ ಆಸುಪಾಸಿನಲ್ಲಿ ಪೂರ್ತಿ ಹೊಸದಾಗುತ್ತದೆ. ಉದುರಿದ್ದನ್ನು ಆ ಕಂದು ಕೋಶಗಳೇ ನುಂಗಿ ಅರಗಿಸಿಕೊಳ್ಳಬೇಕು. ಜೀವನಪೂರ್ತಿ ಇದೇ ಕೆಲಸ.

ವಯಸ್ಸಾಗುತ್ತಾ ಹೋದಂತೆ ಪೊರೆ ದಪ್ಪವಾಗುತ್ತದೆ, ಅದರಲ್ಲಿ ಕೊಬ್ಬಿನಂಶ ಸೇರುತ್ತದೆ. ಜಿಡ್ಡು ಹಿಡಿದ ಜಾಲರಿಯಲ್ಲಿ ಟೀ ಇಳಿಯದ ಹಾಗೆ ಸಾಗಾಟ ನಿಧಾನವಾಗುತ್ತದೆ. ಕಸ ಪೊರೆಯ ಮೇಲೇ ಗುಡ್ಡೆ ಬೀಳುತ್ತದೆ. ಈ ಹಳದಿ ಗುಡ್ಡೆಗಳಿಗೆ ಡ್ರೂಸೆನ್ ಅಂತ ಹೆಸರು. ಸಣ್ಣವು ವಯಸ್ಸಾದ ಬಹಳ ಜನರಲ್ಲಿ ಇರುತ್ತವೆ, ಅದಕ್ಕೇ ಗಾಬರಿ ಬೇಡ. 125 ಮೈಕ್ರೋಮೀಟರ್ ದಾಟಿದವನ್ನು ವೈದ್ಯರು ದೊಡ್ಡವು ಎಂದು ಲೆಕ್ಕ ಹಾಕುತ್ತಾರೆ. ಆರೇಳು ರೇಷ್ಮೆ ಎಳೆ ಪಕ್ಕಪಕ್ಕ ಇಟ್ಟಷ್ಟು ಅಗಲ, ಅಷ್ಟೇ. ಆದರೆ ಕಾಯಿಲೆ ಮುಂದುವರಿಯುವ ಸಾಧ್ಯತೆ ಅಲ್ಲಿಂದ ಹೆಚ್ಚು.

ಒಣ ಬಗೆ, ಒದ್ದೆ ಬಗೆ

ಒಣ ಬಗೆಯಲ್ಲಿ ಆರೈಕೆ ಕೋಶಗಳು ವರ್ಷಗಟ್ಟಲೆ ನಿಧಾನವಾಗಿ ಸಾಯುತ್ತವೆ. ಇದೇ ಹೆಚ್ಚು ಜನರಿಗೆ ಬರುವುದು.

ಒದ್ದೆ ಬಗೆ ಅವಸರದ್ದು. ಬ್ರೂಕ್ ಪೊರೆಯಲ್ಲಿ ಬಿರುಕು ಬಿಟ್ಟ ಕಡೆ ಹಿಂದಿನಿಂದ ಹೊಸ ರಕ್ತನಾಳಗಳು ನುಗ್ಗುತ್ತವೆ. ಗೋಡೆ ಬಿರುಕಿನಲ್ಲಿ ಅರಳಿ ಗಿಡದ ಬೇರು ಇಳಿದ ಹಾಗೆ. ಈ ನಾಳಗಳು ಗಟ್ಟಿಯಿಲ್ಲ, ನೀರು-ರಕ್ತ ಸೋರಿ ರೆಟಿನಾ ಉಬ್ಬುತ್ತದೆ. ಪರದೆ ಉಬ್ಬಿದರೆ ಚಿತ್ರ ನೆಟ್ಟಗೆ ಬೀಳುವುದಾದರೂ ಹೇಗೆ? ನೇರ ಗೆರೆ ಡೊಂಕಾಗಿ ಕಾಣುವುದು ಅದಕ್ಕೇ. ಹಾಗೇ ಬಿಟ್ಟರೆ ಅಲ್ಲಿ ಗಾಯದ ಕಲೆ ಕೂರುತ್ತದೆ. ಕಲೆ ಕೂತ ಮೇಲೆ ಔಷಧಿಗೆ ಹೆಚ್ಚು ಕೆಲಸ ಉಳಿಯುವುದಿಲ್ಲ.

ಒಳಬದಿ ಸುಕ್ಕುಗಟ್ಟಿದಾಗ

ತೊಂದರೆ ಹಿಂಬದಿಯಲ್ಲೇ ಇರಬೇಕೆಂದಿಲ್ಲ. ರೆಟಿನಾದ ಒಳಮೈ ಮೇಲೂ ಒಂದು ಸೂಕ್ಷ್ಮ ಪೊರೆ ಇದೆ. ವಯಸ್ಸಾದಾಗ ಕಣ್ಣಿನೊಳಗಿನ ಲೋಳೆ ಕುಗ್ಗಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಆಗ ಉಳಿಯುವ ಕೋಶಗಳು ಅಲ್ಲೇ ಬೆಳೆದು ತೆಳು ಹಾಳೆ ಕಟ್ಟುತ್ತವೆ. ಆ ಹಾಳೆ ಮುದುಡಿದರೆ ಕೆಳಗಿನ ಮ್ಯಾಕುಲಾವೂ ಸುಕ್ಕಾಗುತ್ತದೆ. ಇದರಲ್ಲಿ ಹಲವರಿಗೆ ಬರೀ ತಪಾಸಣೆ ಸಾಕು. ದೃಷ್ಟಿಗೆ ತೀರಾ ತೊಡಕಾದರೆ ಶಸ್ತ್ರಚಿಕಿತ್ಸೆಯಲ್ಲಿ ಆ ಹಾಳೆಯನ್ನು ಸುಲಿದು ತೆಗೆಯುತ್ತಾರೆ.

ಶುಗರ್ ಇರುವವರ ಕಥೆ ಬೇರೆ. ಅವರಲ್ಲಿ ಹಾಳಾಗುವುದು ರೆಟಿನಾದ ಸಣ್ಣ ರಕ್ತನಾಳಗಳ ಗೋಡೆ. ಗೋಡೆಯ ತಳಪೊರೆ ದಪ್ಪವಾಗುತ್ತದೆ, ಅದಕ್ಕೆ ಆನಿಕೊಟ್ಟ ಕೋಶಗಳು ಸಾಯುತ್ತವೆ, ನಾಳ ಸೋರುತ್ತದೆ. ಶುರುವಿನಲ್ಲಿ ಏನೂ ಗೊತ್ತಾಗದೇ ಇರಬಹುದು. ಕಣ್ಣು ಚೆನ್ನಾಗೇ ಕಂಡರೂ ಶುಗರ್ ಇರುವವರು ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು ಅನ್ನುವುದು ಇದಕ್ಕೇ.

ಒಂದೊಂದೇ ಕಣ್ಣು ಮುಚ್ಚಿ ನೋಡಿ

ಒಂದು ಕಣ್ಣು ಕೆಟ್ಟರೆ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ಎರಡೂ ತೆರೆದು ನೋಡಿದರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ.

ಸ್ವಿಸ್ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ ಹೆಸರಿನ ಚೌಕಳಿ ಹಾಳೆ ಇರುವುದು ಈ ಪರೀಕ್ಷೆಗೇ. 10 ಸೆಂ.ಮೀ. ಚೌಕ, ಒಳಗೆ 5 ಮಿ.ಮೀ. ಮನೆಗಳು, ನಡುವೆ ಒಂದು ಚುಕ್ಕೆ. ಮಕ್ಕಳ ಲೆಕ್ಕದ ಚೌಕಳಿ ಪುಸ್ತಕದ ಹಾಳೆಯ ಮಧ್ಯೆ ಚುಕ್ಕೆ ಇಟ್ಟುಕೊಂಡರೂ ಆದೀತು. ಓದುವ ಕನ್ನಡಕ ಹಾಕಿ, ಒಂದಡಿ ದೂರ ಹಿಡಿದು, ಒಂದು ಕಣ್ಣು ಅಂಗೈಯಲ್ಲಿ ಮುಚ್ಚಿ ಚುಕ್ಕೆಯನ್ನೇ ನೋಡಿ. ಆಮೇಲೆ ಇನ್ನೊಂದು ಕಣ್ಣು. ಗೆರೆ ಅಲೆಯಾದರೆ, ಮನೆ ಮಾಯವಾದರೆ, ನಡುವೆ ಕಪ್ಪು ಕಂಡರೆ ಅದೇ ಎಚ್ಚರಿಕೆ. ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಷಟರ್‌ನ ಅಡ್ಡಗೆರೆಗಳನ್ನು ಹೀಗೇ ಒಂದೊಂದೇ ಕಣ್ಣಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಬಹುದು. ಆದರೆ ಇದು ಆಸ್ಪತ್ರೆ ತಪಾಸಣೆಗೆ ಬದಲಿಯಲ್ಲ.

ಆಸ್ಪತ್ರೆಯಲ್ಲಿ ಏನು ಮಾಡ್ತಾರೆ?

ಮೊದಲು ಪಾಪೆ ಅಗಲವಾಗುವ ಹನಿ ಹಾಕುತ್ತಾರೆ. ಕೆಲವು ಗಂಟೆ ಮಬ್ಬಾಗಿರುತ್ತದೆ. ಆದ್ದರಿಂದ ಬೈಕ್ ತಗೊಂಡು ಹೋಗಬೇಡಿ, ಜೊತೆಗೊಬ್ಬರು ಇರಲಿ. ನಂತರ ಒಸಿಟಿ ಸ್ಕ್ಯಾನ್. ಸೂಜಿ ಇಲ್ಲ, ನೋವಿಲ್ಲ, ಎಕ್ಸ್-ರೇ ಕೂಡ ಅಲ್ಲ. 1991ರಲ್ಲಿ ಜಗತ್ತಿಗೆ ಪರಿಚಯವಾದ ಈ ತಂತ್ರ, ಬೆಳಕಿನಿಂದಲೇ ರೆಟಿನಾದ ಪದರಗಳನ್ನು ಚಿರೋಟಿ ಕತ್ತರಿಸಿದ ಹಾಗೆ ತೋರಿಸುತ್ತದೆ. ಎಲ್ಲಿ ಉಬ್ಬು, ಎಲ್ಲಿ ನೀರು, ಎಲ್ಲಿ ಸುಕ್ಕು ಎಂಬುದು ಕಾಣುತ್ತದೆ.

ಒದ್ದೆ ಬಗೆಗೆ ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರೆ. ಕೇಳಿದರೆ ಭಯ ಆಗುತ್ತದೆ, ನಿಜ. ಮರಗಟ್ಟಿಸಿ ಕೊಡುವುದರಿಂದ ನೋವು ಕಡಿಮೆ. ಹೊಸ ನಾಳಗಳ ಸೋರಿಕೆ ತಡೆಯುವುದು ಇದರ ಕೆಲಸ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮೊದಮೊದಲು ತಿಂಗಳಿಗೊಂದರಂತೆ ಬೇಕಾಗುತ್ತದೆ. ಸ್ವಲ್ಪ ಕಂಡಿತು ಅಂತ ನಡುವೆ ಬಿಟ್ಟರೆ ಮತ್ತೆ ಸೋರಬಹುದು.

ಮಧ್ಯಮ ಹಂತದ ಒಣ ಬಗೆಯವರಿಗೆ ನಿರ್ದಿಷ್ಟ ಪ್ರಮಾಣದ ವಿಟಮಿನ್-ಸತು ಮಾತ್ರೆಗಳು ಕಾಯಿಲೆ ಮುಂದುವರಿಯುವ ಅಪಾಯವನ್ನು ಸುಮಾರು ಕಾಲು ಭಾಗ ತಗ್ಗಿಸುತ್ತವೆ ಎಂದು ಅಮೆರಿಕದ ದೊಡ್ಡ ಅಧ್ಯಯನ 2001ರಲ್ಲಿ ತೋರಿಸಿತು. ಎಲ್ಲರಿಗೂ ಇದು ಬೇಕಿಲ್ಲ. ಬೀಡಿ-ಸಿಗರೇಟು ಸೇದುವವರಿಗೆ ಬೀಟಾ ಕೆರೋಟಿನ್ ಇರುವ ಮಾತ್ರೆ ಒಳ್ಳೆಯದಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತಗೊಳ್ಳುವ ಬದಲು ವೈದ್ಯರ ಚೀಟಿ ತಗೊಳ್ಳಿ. ಬೀಡಿ ಬಿಡುವುದಂತೂ ಯಾವ ಮಾತ್ರೆಗಿಂತಲೂ ಮೊದಲ ಕೆಲಸ.

ಎಲ್ಲಿಗೆ, ಯಾವಾಗ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವೈದ್ಯರಿಗೆ ತೋರಿಸಿ, ‘ರೆಟಿನಾ ನೋಡಿ ಸಾರ್’ ಅಂತ ಬಾಯಿಬಿಟ್ಟು ಕೇಳಿ. ರೆಟಿನಾ ತಜ್ಞರಿಗೆ ಬರೆದುಕೊಟ್ಟರೆ ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಹಳೇ ಚೀಟಿ, ಶುಗರ್-ಬಿಪಿ ರಿಪೋರ್ಟ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ. ಖರ್ಚಿನಲ್ಲಿ ಯಾವುದಕ್ಕೆ ಕಾರ್ಡ್ ನಡೆಯುತ್ತದೆ ಎಂದು ಚಿಕಿತ್ಸೆಗೆ ಮುಂಚೆಯೇ ಕೇಳಿಕೊಳ್ಳಿ.

ಗೆರೆ ಹೊಸದಾಗಿ ಡೊಂಕಾಗಿದ್ದರೆ ಹಬ್ಬ ಮುಗೀಲಿ, ಗೂಡು ಮಾರಾಟ ಆಗ್ಲಿ ಅಂತ ಕಾಯಬೇಡಿ, ಅದೇ ವಾರ ಹೋಗಿ. ಮಿಂಚು ಹೊಡೆದಂತಾಗಿ ಪರದೆ ಇಳಿದ ಹಾಗೆ ಕತ್ತಲಾದರೆ ಅದೇ ದಿನ ಹೋಗಬೇಕು.

ಇವತ್ತು ರಾತ್ರಿ ಊಟ ಆದ ಮೇಲೆ ಮನೆಯ ಅಜ್ಜ-ಅಜ್ಜಿಯ ಕೈಗೆ ಒಂದು ಚೌಕಳಿ ಹಾಳೆ ಕೊಟ್ಟು, ಒಂದು ಕಣ್ಣು ಮುಚ್ಚಿಸಿ ಕೇಳಿ: ‘ಗೆರೆ ನೆಟ್ಟಗಿದೆಯಾ?’ ಎರಡು ನಿಮಿಷದ ಕೆಲಸ.