ಒಕರಿನಾ ಆಫ್ ಟೈಮ್: ಕೊನೇ ಡಂಜನ್‌ಗಳು ಮತ್ತು ಗ್ಯಾನನ್, ಈ ವೀಕೆಂಡ್ ಮುಗಿಸಿಬಿಡೋಣ

ಶುರು ಮಾಡಿದ ಗೇಮ್ ಮುಗಿಸದವರ ಸಂಘ ಅಂತ ಏನಾದ್ರೂ ಇದ್ರೆ, ನಾನೇ ಅದರ ಅಧ್ಯಕ್ಷ ಆಗಿದ್ದೆ. ಇವತ್ತಿನ ಮಾತು 1998ರಲ್ಲಿ ನಿಂಟೆಂಡೊ 64ಗೆ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್' ಬಗ್ಗೆ. ಈಗ ಸ್ವಿಚ್‌ನಲ್ಲೂ ಆಡಬಹುದು. ನಾನು ಪುಣೆಗೆ ಬಂದ ಹೊಸದರಲ್ಲಿ, ದಾವಣಗೆರೆಯಲ್ಲಿದ್ದ ತಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಟಿವಿ ತೋರಿಸ್ಕೊಂಡು ಇದನ್ನ ಆಡ್ತಿದ್ದೆ. ಕಂಟ್ರೋಲರ್ ನನ್ನದು, ತಲೆ ಅವನದು. ಸ್ಪಿರಿಟ್ ಟೆಂಪಲ್ ಹತ್ರ ಬಂದಾಗ ಆಫೀಸಲ್ಲಿ ರಿಲೀಸ್ ಬಂತು, ಅವನಿಗೆ ಪರೀಕ್ಷೆ ಬಂತು. ಸೇವ್ ಫೈಲ್ ಎಂಟು ತಿಂಗಳು ಹಾಗೇ ಕೂತಿತ್ತು. ನಿಮ್ಮದೂ ಹಾಗೇ ಕೂತಿದ್ರೆ ಈ ಲೇಖನ ನಿಮಗೆ. ಕಥೆಯ ಕೊನೆಯನ್ನೂ ಹೇಳ್ತೀನಿ, ಬೇಡ ಅನ್ನೋರು ಕೊನೇ ಭಾಗ ಬಿಟ್ಟುಬಿಡಿ.

ಸ್ಪಿರಿಟ್ ಟೆಂಪಲ್: ಎರಡು ವಯಸ್ಸಲ್ಲಿ ಹೋಗಬೇಕು

ತುಂಬ ಜನ ನಿಲ್ಲೋದು ಇಲ್ಲೇ. ಮರುಭೂಮಿ ದಾಟಿ ದೊಡ್ಡ ಲಿಂಕ್ ಆಗಿ ಒಳಗೆ ಹೋದ್ರೆ ಒಂದು ಕಡೆ ಸರಿಸಲಾಗದ ಭಾರಿ ಕಲ್ಲು, ಇನ್ನೊಂದು ಕಡೆ ನುಸುಳಲಾಗದ ಸಣ್ಣ ಕಿಂಡಿ. ಗೇಮ್ ಕೆಟ್ಟಿಲ್ಲ, ನೀವು ತಪ್ಪಿಯೂ ಇಲ್ಲ. ಹೊರಗೆ ಬನ್ನಿ, ಶೀಕ್ ಬಂದು 'ರಿಕ್ವಿಯಮ್ ಆಫ್ ಸ್ಪಿರಿಟ್' ರಾಗ ಕಲಿಸ್ತಾನೆ. ಆಮೇಲೆ ಟೆಂಪಲ್ ಆಫ್ ಟೈಮ್‌ಗೆ ಹೋಗಿ ಮಾಸ್ಟರ್ ಸ್ವೋರ್ಡನ್ನ ವಾಪಸ್ ನೆಟ್ಟು ಮಗುವಾಗಿ, ಅಲ್ಲೇ ಈ ರಾಗ ನುಡಿಸಿದ್ರೆ ಸೀದಾ ಮರುಭೂಮಿಗೆ ಬರ್ತೀರಿ. ಈಗ ಆ ಕಿಂಡಿ ನಿಮ್ಮ ಅಳತೆಗೆ ಸರಿಯಾಗಿರತ್ತೆ.

ಮಗು ಲಿಂಕ್‌ಗೆ ಇಲ್ಲಿರೋ ದೊಡ್ಡ ಪರೀಕ್ಷೆ ಐರನ್ ನಕಲ್, ಅಂದ್ರೆ ಕೊಡಲಿ ಹಿಡಿದ ಉಕ್ಕಿನ ದೈತ್ಯ. ಒಂದೇ ಏಟಿಗೆ ಹಲವು ಹೃದಯ ಹೋಗತ್ತೆ. ಆದ್ರೆ ಅವನು ನಿಧಾನಿ. ಹತ್ತಿರ ಹೋಗಿ ಕೊಡಲಿ ಎತ್ತಿಸಿ, ಹಿಂದಕ್ಕೆ ಹಾರಿ, ಏಟು ಗಾಳಿಗೆ ಹೋದಾಗ ನುಗ್ಗಿ ಒಂದೆರಡು ಹೊಡೆದು ಮತ್ತೆ ಹಿಂದೆ ಬನ್ನಿ. ಆಸೆಬುರುಕತನದಿಂದ ಮೂರನೇದು ಹೊಡೆಯೋಕೆ ಹೋದಾಗಲೇ ನಾನು ಸತ್ತಿದ್ದು, ಪ್ರತಿ ಸಲ. ಅವನನ್ನ ಮುಗಿಸಿದ್ರೆ ಸಿಲ್ವರ್ ಗಾಂಟ್ಲೆಟ್ಸ್ ಸಿಗತ್ತೆ. ಅದನ್ನ ಹಾಕ್ಕೊಳ್ಳೋಕೆ ಮತ್ತೆ ದೊಡ್ಡವನಾಗಿ ಬನ್ನಿ. ಆಗ ಆ ಕಲ್ಲು ಸರಿಯತ್ತೆ, ಮುಂದೆ ಮಿರರ್ ಶೀಲ್ಡ್ ಸಿಗತ್ತೆ.

ಇಲ್ಲಿಯ ಬಾಸ್ ಟ್ವಿನ್‌ರೋವಾ, ಕೌಮೆ ಮತ್ತು ಕೊಟಾಕೆ ಅನ್ನೋ ಅವಳಿ ಮಾಟಗಾತಿಯರು. ಒಬ್ಬಳದು ಬೆಂಕಿ, ಒಬ್ಬಳದು ಮಂಜು. ಕತ್ತಿ ಬೀಸೋದು ದಂಡ. ಬೆಂಕಿಯವಳು ಬಿಟ್ಟಿದ್ದನ್ನ ಶೀಲ್ಡಿನಿಂದ ಮಂಜಿನವಳ ಮೇಲೆ ತಿರುಗಿಸಿ, ಮಂಜಿನವಳದ್ದನ್ನ ಬೆಂಕಿಯವಳ ಮೇಲೆ. ಆಮೇಲೆ ಇಬ್ಬರೂ ಒಬ್ಬಳೇ ಆಗ್ತಾರೆ. ಆಗ ಒಂದೇ ತರದ ಹೊಡೆತ ಮೂರು ಸಲ ಶೀಲ್ಡಲ್ಲಿ ಹಿಡೀಬೇಕು. ಮೂರು ತುಂಬಿದ ಕೂಡಲೇ ಶೀಲ್ಡ್ ತಾನೇ ಅದನ್ನ ವಾಪಸ್ ಕಕ್ಕತ್ತೆ. ಅವಳು ಕುಸಿದಾಗ ಕತ್ತಿ. ನಡುವೆ ಬೇರೆ ತರದ್ದು ಬಂದ್ರೆ ಹಿಡೀಬೇಡಿ, ಪಕ್ಕಕ್ಕೆ ಓಡಿ.

ಗ್ಯಾನನ್ ಕೋಟೆ: ಹೋಗೋ ಮುಂಚೆ ಚೀಲ ನೋಡ್ಕೊಳ್ಳಿ

ಎಲ್ಲ ಟೆಂಪಲ್ ಮುಗಿದ ಮೇಲೆ ಟೆಂಪಲ್ ಆಫ್ ಟೈಮ್‌ಗೆ ಹೋದ್ರೆ ಲೈಟ್ ಆರೋಸ್ ಸಿಗತ್ತೆ. ಇದು ಮ್ಯಾಜಿಕ್ ತಿನ್ನತ್ತೆ. ಡೆತ್ ಮೌಂಟನ್ ಕ್ರೇಟರ್‌ನ ಗ್ರೇಟ್ ಫೇರಿ ಹತ್ರ ಮ್ಯಾಜಿಕ್ ಅಳತೆ ಎರಡರಷ್ಟು ಮಾಡಿಸ್ಕೊಂಡಿಲ್ಲ ಅಂದ್ರೆ ಮೊದಲು ಅದು. ಬಾಟಲಿಗಳಲ್ಲಿ ಫೇರಿ ತುಂಬಿಸ್ಕೊಳ್ಳಿ, ಜೀವ ಹೋದ್ರೆ ಎಬ್ಬಿಸತ್ತೆ. ಒಂದು ಬಾಟಲಿ ಮಾತ್ರ ಖಾಲಿ ಇರಲಿ. ವಾಟರ್ ಟ್ರಯಲ್‌ನಲ್ಲಿ ಕೆಂಪು ಮಂಜು ಕರಗಿಸೋಕೆ ನೀಲಿ ಬೆಂಕಿಯನ್ನ ಅದರಲ್ಲೇ ಹಿಡೀಬೇಕು.

ಒಳಗೆ ಆರು ಟ್ರಯಲ್‌ಗಳಿವೆ. ಪ್ರತಿಯೊಂದರ ಕೊನೆಗೆ ಒಂದು ಲೈಟ್ ಆರೋ ಬಿಟ್ಟರೆ ನಡುವಿನ ಗೋಪುರದ ಕವಚ ಒಂದೊಂದಾಗಿ ಕಳಚತ್ತೆ. ಲೈಟ್ ಟ್ರಯಲ್ ಬಾಗಿಲಿಗೆ ದೊಡ್ಡ ಕಂಬ ಅಡ್ಡ ಇದೆ. ಅದನ್ನ ಎತ್ತೋ ಗೋಲ್ಡನ್ ಗಾಂಟ್ಲೆಟ್ಸ್ ಶ್ಯಾಡೋ ಟ್ರಯಲ್‌ನಲ್ಲಿದೆ, ಹಾಗಾಗಿ ಮೊದಲು ಅದು ಮುಗಿಸಿ. ಅದು ಕೈಗೆ ಬಂದ ಮೇಲೆ ಒಂದು ಸಲ ಕೋಟೆಯಿಂದ ಹೊರಗೆ ಬಂದು ಹತ್ತಿರದ ಕಂಬ ಎತ್ತಿ. ಹಿಂದಿರೋ ಗ್ರೇಟ್ ಫೇರಿ ನಿಮಗೆ ಬೀಳೋ ಪೆಟ್ಟನ್ನ ಅರ್ಧ ಮಾಡ್ತಾಳೆ. ಕಷ್ಟ ಪಡ್ತಿರೋರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಗ್ಯಾನನ್‌ಡಾರ್ಫ್: ಟೆನಿಸ್ ಮ್ಯಾಚ್

ಗೋಪುರ ಹತ್ತುತ್ತಾ ಆರ್ಗನ್ ಸದ್ದು ಜೋರಾಗ್ತಾ ಹೋಗತ್ತೆ. ನುಡಿಸ್ತಿರೋದು ಅವನೇ. ಈ ಜಗಳದಲ್ಲಿ ನಾವಿ ಹತ್ತಿರ ಬರೋಕಾಗಲ್ಲ, ಅಂದ್ರೆ ಟಾರ್ಗೆಟ್ ಲಾಕ್ ಇಲ್ಲ, ಕಣ್ಣಳತೆಯಲ್ಲೇ ಆಡಬೇಕು. ಅವನು ಎಸೆಯೋ ಬೆಳಕಿನ ಚೆಂಡನ್ನ ಕತ್ತಿಯಿಂದ ವಾಪಸ್ ಹೊಡೀರಿ, ಅವನೂ ಹೊಡೀತಾನೆ, ಯಾರು ತಪ್ಪಿಸ್ಕೊಳ್ತಾರೋ ಅವರಿಗೆ ಪೆಟ್ಟು. ಖಾಲಿ ಬಾಟಲಿ ಬೀಸಿದ್ರೂ ಚೆಂಡು ವಾಪಸ್ ಹೋಗತ್ತೆ, ನಿಜವಾಗ್ಲೂ! ಅವನು ತತ್ತರಿಸಿದ ತಕ್ಷಣ ಲೈಟ್ ಆರೋ, ಬಿದ್ದ ಮೇಲೆ ನಡುವಿನ ಕಟ್ಟೆಗೆ ಹಾರಿ ಕತ್ತಿ. ಅವನು ನೆಲ ಗುದ್ದಿದಾಗ ಕಲ್ಲುಗಳು ಕಿತ್ತು ಬೀಳ್ತವೆ, ಅಂಚಲ್ಲಿ ನಿಲ್ಲಬೇಡಿ.

ಗೆದ್ದ ಮೇಲೆ ಕೋಟೆ ಕುಸಿಯೋಕೆ ಶುರು. 3 ನಿಮಿಷ ಟೈಮರ್. ಜೆಲ್ಡಾ ಬಾಗಿಲು ತೆರೀತಾಳೆ, ನೀವು ಅವಳ ಹಿಂದೆ ಹೋದ್ರೆ ಸಾಕು.

ಗ್ಯಾನನ್: ಬಾಲ ನೋಡಿ

ಹೊರಗೆ ಬಂದು ಉಸಿರು ಬಿಡೋಷ್ಟರಲ್ಲಿ ಅವನು ಮೃಗವಾಗಿ ಏಳ್ತಾನೆ. ಮೊದಲ ಏಟಿಗೇ ಮಾಸ್ಟರ್ ಸ್ವೋರ್ಡ್ ಬೆಂಕಿ ವರ್ತುಲದ ಆಚೆ ಹಾರಿಹೋಗತ್ತೆ. ನಾನು ಇಲ್ಲಿ ಗಾಬರಿಯಾಗಿ ಸುಮ್ಮನೆ ಸುತ್ತ ಓಡ್ತಿದ್ದೆ. ರಾತ್ರಿ ಒಂದು ಗಂಟೆ, ಫೋನಲ್ಲಿ ತಮ್ಮ ಕೂಗಿದ: "ಅಣ್ಣಾ, ಬಾಲ ನೋಡೋ, ಬಾಲ!" ಅಷ್ಟೇ ಗುಟ್ಟು. ಲೈಟ್ ಆರೋ ಮುಖಕ್ಕೆ ಬಿಟ್ಟು ನಿಲ್ಲಿಸಿ, ಕಾಲ ಸಂದಿಯಲ್ಲಿ ಉರುಳಿ ಹಿಂದೆ ಹೋಗಿ, ಮೆಗಾಟನ್ ಹ್ಯಾಮರ್ ಅಥವಾ ಬಿಗೊರನ್ಸ್ ಸ್ವೋರ್ಡಿಂದ ಬಾಲಕ್ಕೆ ಹೊಡೀರಿ. ಅವನು ಬಿದ್ದಾಗ ಬೆಂಕಿ ಇಳಿಯತ್ತೆ, ಓಡಿಹೋಗಿ ಮಾಸ್ಟರ್ ಸ್ವೋರ್ಡ್ ಎತ್ಕೊಳ್ಳಿ. ಮತ್ತೆ ಅದೇ ಆಟ. ಕೊನೆಗೆ ಜೆಲ್ಡಾ ಅವನನ್ನ ಬೆಳಕಲ್ಲಿ ಹಿಡಿದು ನಿಲ್ಲಿಸ್ತಾಳೆ. ಆ ಕೊನೇ ಏಟು ಮಾಸ್ಟರ್ ಸ್ವೋರ್ಡಿಂದಲೇ ಆಗಬೇಕು.

ಮುಗಿದ ಮೇಲೆ

ಜೆಲ್ಡಾ ಒಕರಿನಾ ನುಡಿಸಿ ಲಿಂಕ್‌ನ ಏಳು ವರ್ಷ ಹಿಂದಕ್ಕೆ ಕಳಿಸ್ತಾಳೆ, ಕಳೆದುಹೋದ ಬಾಲ್ಯವನ್ನ ಬದುಕಿಕೋ ಅಂತ. ನಾವಿ ಏನೂ ಹೇಳದೆ ಹಾರಿಹೋಗ್ತಾಳೆ. ಒಂದು ವಿಷಯ ನೆನಪಿರಲಿ, ಗೆದ್ದ ನಂತರದ ಸೇವ್ ಅಂತ ಈ ಗೇಮಲ್ಲಿ ಇಲ್ಲ. ಮತ್ತೆ ಆನ್ ಮಾಡಿದ್ರೆ ಗ್ಯಾನನ್ ಇನ್ನೂ ಅಲ್ಲೇ ಇರ್ತಾನೆ. ಗೆದ್ದಿದ್ದಕ್ಕೆ ಸಾಕ್ಷಿ ನೋಡಿದವರು ಮಾತ್ರ. ಅವತ್ತು ಹೆಸರುಗಳು ಮೇಲೆ ಹೋಗ್ತಿದ್ದಾಗ ಇಬ್ಬರೂ ಮಾತಾಡ್ಲಿಲ್ಲ. ಆಮೇಲೆ ಅವನು, "ಊಟ ಮಾಡಿದ್ಯೇನೋ?" ಅಂದ. ಮಾಡಿರ್ಲಿಲ್ಲ.

ಹಾಗಾಗಿ ಕೊನೇ ಜಗಳ ಒಬ್ಬರೇ ಕೂತು ಮುಗಿಸಬೇಡಿ. ಜೊತೆಗೆ ಶುರು ಮಾಡಿದವರು ಯಾವ ಊರಲ್ಲಿದ್ರೂ ಒಂದು ಕಾಲ್ ಹಾಕಿ. ಮುಂದಿನ ವಿಡಿಯೋದಲ್ಲಿ ಸಿಗೋಣ.