ಆ ಸಂಜೆಯ ತಯಾರಿ ಯಾರದು?

ಮದುವೆಯಾದ ಹೊಸದರಲ್ಲಿ ಬೆಂಗಳೂರಿನ ಗಂಡ-ಹೆಂಡತಿ ಮನಸ್ಸಾದ ಕೂಡಲೇ ಸೆಕೆಂಡ್ ಶೋಗೆ ಹೊರಟುಬಿಡುತ್ತಾರೆ. ಮಗುವಾದ ಮೇಲೆ ಅದೇ ಸಿನಿಮಾಕ್ಕೆ ಎರಡು ದಿನದ ತಯಾರಿ ಬೇಕು. ಊರಿಂದ ಬಂದಿರುವ ಅಜ್ಜಿಗೆ ಮಂಡಿನೋವು ಕಡಿಮೆ ಇರುವ ದಿನ ನೋಡಬೇಕು. ರಾಗಿ ಸರಿ ಮಾಡಿಡಬೇಕು. ಜ್ವರದ ಸಿರಪ್ ಎಲ್ಲಿದೆ, ಎಷ್ಟು ಎಂಎಲ್ ಕೊಡಬೇಕು, ಎಂಟೂವರೆಗೆ ನಿದ್ದೆ ಮಾಡದಿದ್ದರೆ ಯಾವ ಹಾಡು ಹಾಕಬೇಕು ಎಂದೆಲ್ಲ ಹೇಳಿಕೊಡಬೇಕು. ಇಷ್ಟಾಗಿ ಹೋಟೆಲಿನಲ್ಲಿ ಕೂತು ಸೂಪ್ ಬರುವಷ್ಟರಲ್ಲಿ ಮನೆಯಿಂದ ವಿಡಿಯೊ ಕಾಲ್. ಇದಕ್ಕೆಲ್ಲ ಸಮಯದ ಕೊರತೆಯೇ ಕಾರಣ ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಈ ತಯಾರಿಯ ಪಟ್ಟಿಯೆಲ್ಲ ಒಬ್ಬರ ತಲೆಯಲ್ಲಿ ಮಾತ್ರ ಇರುವುದೇ ನಿಜವಾದ ತೊಡಕು. ಹೊರಗೆ ಬಂದವರು ಇಬ್ಬರು, ಬಿಡುವು ಸಿಕ್ಕಿದ್ದು ಒಬ್ಬರಿಗೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಈ ಹೊರೆ ಹೆಚ್ಚಾಗಿ ಯಾರ ಪಾಲಿಗೆ ಬೀಳುತ್ತದೆ ಎಂಬುದರ ಸುಳಿವನ್ನು ಅಂಕಿಗಳಲ್ಲಿ ಕೊಡುತ್ತದೆ. 15ರಿಂದ 59 ವರ್ಷದವರಲ್ಲಿ ಮನೆಮಂದಿಯ ಆರೈಕೆಯಲ್ಲಿ ತೊಡಗಿದ ಹೆಂಗಸರು ಶೇ 41, ಗಂಡಸರು ಶೇ 21.4. ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಗಂಡಸರು 74 ನಿಮಿಷ. ನಮ್ಮಲ್ಲಿ ಈ ಅಂತರಕ್ಕೆ ಮೊದಲ ತಿಂಗಳುಗಳಲ್ಲೇ ಬುನಾದಿ ಬೀಳುತ್ತದೆ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ಬಾಣಂತಿಗೆ ಆ ವಿಶ್ರಾಂತಿ, ಎಣ್ಣೆನೀರು, ಪಥ್ಯದ ಊಟ ಎಲ್ಲವೂ ಬೇಕಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ದಿನಗಳಲ್ಲಿ ಗಂಡ ಭಾನುವಾರದ ಅತಿಥಿ. ಮಗುವಿನ ಯಾವ ಅಳು ಹಸಿವಿನದು, ಯಾವುದು ನಿದ್ದೆಯದು ಎಂದು ತಾಯಿ ಮತ್ತು ಅಜ್ಜಿ ಕಲಿಯುತ್ತಿರುವಾಗ ಅವನು ಆಫೀಸಿನಲ್ಲಿರುತ್ತಾನೆ. ತಾಯಿಗೆ 26 ವಾರಗಳ ಹೆರಿಗೆ ರಜೆ 2017ರಿಂದ ಕಾನೂನಿನಲ್ಲೇ ಇದೆ. ಖಾಸಗಿ ಕೆಲಸದ ತಂದೆಗೆ ಅಂಥದ್ದೇನೂ ಇಲ್ಲ, ಕೇಂದ್ರ ಸರ್ಕಾರಿ ನೌಕರನಿಗೆ ಸಿಗುವುದು 15 ದಿನ. ಹೆಂಡತಿ ಮಗುವಿನೊಂದಿಗೆ ವಾಪಸು ಬರುವ ಹೊತ್ತಿಗೆ ಅವಳು ಆ ಕೆಲಸದಲ್ಲಿ ಪಳಗಿರುತ್ತಾಳೆ, ಇವನಿಗೆ ಅದು ಇನ್ನೂ ಹೊಸದು. ಎಲ್ಲವನ್ನೂ ಅವಳನ್ನೇ ಕೇಳುವ ರೂಢಿ ಅಲ್ಲಿಂದ ಶುರು.

ಮಗುವಾದ ಮೇಲೆ ದಾಂಪತ್ಯ ಕಳೆಗುಂದುತ್ತದೆ ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜ. ಅಮೆರಿಕದಲ್ಲಿ 218 ದಂಪತಿಗಳನ್ನು ಮದುವೆಯ ಮೊದಲ ಎಂಟು ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಕ್ಕಳಾದವರ ಸಂತೃಪ್ತಿ ಹೆರಿಗೆಯ ನಂತರ ಥಟ್ಟನೆ ಕುಸಿದಿತ್ತು. ಮಕ್ಕಳಿಲ್ಲದವರದ್ದೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು, ನಿಧಾನವಾಗಿ. ಹಾಗಾದರೆ ಹೊರಗೆ ಸುತ್ತಾಡಿ ಬಂದರೆ ಸರಿಹೋಗುತ್ತದೆಯೇ? 2000-01ರ ಸುಮಾರಿಗೆ ಹುಟ್ಟಿದ ಬ್ರಿಟನ್ನಿನ ಮಕ್ಕಳ ಸಮೀಕ್ಷೆಯನ್ನು ಆಧರಿಸಿ 2016ರಲ್ಲಿ ಬಂದ ವರದಿಯೊಂದು ತಿಂಗಳಿಗೊಮ್ಮೆ ಇಬ್ಬರೇ ಹೊರಗೆ ಹೋಗುತ್ತಿದ್ದವರು ಮುಂದೆ ಬೇರೆಯಾದದ್ದು ಕಡಿಮೆ ಎಂದಿತು. ವಾರಕ್ಕೊಮ್ಮೆ ಹೋಗುತ್ತಿದ್ದವರಿಗೆ ಆ ಲಾಭ ಕಾಣಲಿಲ್ಲ. ಹೊಂದಿಕೆ ಇದ್ದವರೇ ಜೊತೆಯಾಗಿ ಹೋಗುತ್ತಾರೆ, ಹೋದದ್ದರಿಂದ ಹೊಂದಿಕೆ ಬಂತು ಎನ್ನಲಾಗದು ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಬೇಕಾದದ್ದೇ. ಆದರೆ ಎಷ್ಟು ಸಲ ಹೋದರು ಎಂಬುದೊಂದೇ ಮುಖ್ಯವಾಗಿದ್ದರೆ ವಾರದ ಲೆಕ್ಕ ತಿಂಗಳ ಲೆಕ್ಕಕ್ಕೆ ಸೋಲಬಾರದಿತ್ತು.

ಇದೆಲ್ಲ ಪೇಟೆಯವರ ಶೋಕಿ, ನಮ್ಮ ಹಿರಿಯರು ಯಾವ ಕ್ಯಾಂಡಲ್ ಹಚ್ಚಿ ಊಟ ಮಾಡಿದ್ದರು ಎಂಬ ಮಾತೂ ಇದೆ. ಹಚ್ಚಿರಲಿಲ್ಲ, ನಿಜ. ಆದರೆ ಜಾತ್ರೆ, ಟೆಂಟ್ ಸಿನಿಮಾ, ಸಂತೆ, ತವರಿಗೆ ಬಿಟ್ಟುಬರುವ ನೆಪದ ಬಸ್ ಪ್ರಯಾಣ ಇದ್ದವು. ‘ಕೂಸು ಇವತ್ತು ನನ್ನ ಹತ್ರ ಮಲಗಲಿ’ ಎನ್ನುವ ಅತ್ತೆಯೂ ಇದ್ದಳು. ಕೂಡುಕುಟುಂಬವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅಲ್ಲಿ ಗಂಡ-ಹೆಂಡತಿ ಹಗಲಲ್ಲಿ ನಾಲ್ಕು ಮಾತಾಡಿದರೂ ಕಣ್ಣು ಬೀಳುತ್ತಿತ್ತು. ಇಂದು ಅದೇ ಅತ್ತೆ ಅಥವಾ ತಾಯಿ ಹಾಸನದ ಮನೆಗೆ ಬೀಗ ಹಾಕಿ ಬಂದು, ಗುರುತಿನವರೇ ಇಲ್ಲದ ಏಳನೇ ಮಹಡಿಯಲ್ಲಿ ಇಡೀ ದಿನ ಮೊಮ್ಮಗುವಿನ ಹಿಂದೆ ಓಡುತ್ತಾಳೆ. ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಸಂದರ್ಶಕ ವೀಸಾದ ಆರು ತಿಂಗಳಿಗೆ ತಕ್ಕಂತೆ ಒಮ್ಮೆ ಹುಡುಗನ ಅಪ್ಪ-ಅಮ್ಮ, ಇನ್ನೊಮ್ಮೆ ಹುಡುಗಿಯವರು. ದಂಪತಿಯ ಸಂಜೆಗೆ ಅಜ್ಜಿಯ ಸಂಜೆಯೇ ಬೆಲೆ ಎಂದಾದರೆ, ಅವಳನ್ನು ಮೊದಲೇ ಕೇಳುವುದು ಕನಿಷ್ಠ ಮರ್ಯಾದೆ.

ಮಗುವನ್ನು ಬಿಟ್ಟು ಹೋಗುವುದು ಸ್ವಾರ್ಥವಲ್ಲವೇ ಎಂಬ ಅಳುಕು ಮಾತ್ರ ಸುಲಭಕ್ಕೆ ಹೋಗುವುದಿಲ್ಲ, ಅದು ತಾಯಂದಿರನ್ನೇ ಹೆಚ್ಚು ಕಾಡುತ್ತದೆ. ಅವಳೊಬ್ಬಳಿಗೇ ಗೊತ್ತಿರುವ ಕೆಲಸವನ್ನು ಬಿಟ್ಟು ಬಂದಾಗ ಅಳುಕು ಸಹಜವೇ. ಮಗುವಿಗೆ ಉಣಿಸಿ ಮಲಗಿಸಲು ತಂದೆಗೂ ಬಂದರೆ, ಅಜ್ಜಿಯ ಫೋನ್ ಅವನಿಗೂ ಬರತೊಡಗುತ್ತದೆ. ಹೆಂಡತಿ ಊಟ ಮುಂದುವರಿಸುತ್ತಾಳೆ, ಸಿರಪ್ ಯಾವ ಡ್ರಾಯರಿನಲ್ಲಿದೆ ಎಂದು ಇವನೇ ಹೇಳುತ್ತಾನೆ. ಅಜ್ಜಿಯೂ ಇಲ್ಲ, ಆಯಾನೂ ಇಲ್ಲ ಎನ್ನುವವರು ರಾತ್ರಿಯ ಹಟವನ್ನೇ ಬಿಟ್ಟಿದ್ದಾರೆ. ಮಗು ಪ್ಲೇಹೋಮಿನಲ್ಲಿರುವ ಮೂರು ಗಂಟೆಯಲ್ಲಿ ಮಲ್ಲೇಶ್ವರದಲ್ಲೋ ಗಾಂಧಿ ಬಜಾರಿನಲ್ಲೋ ಬೆಣ್ಣೆ ಮಸಾಲೆ, ಎರಡು ಕಾಫಿ, ಒಂದಿಷ್ಟು ನಡಿಗೆ. ವಾರದ ದಿನವಾದ್ದರಿಂದ ಸಾಲೂ ಕಡಿಮೆ. ಇಬ್ಬರೂ ಅರ್ಧ ದಿನ ರಜೆ ಹಾಕಿರುತ್ತಾರೆ, ಅರ್ಜಿಯಲ್ಲಿ ಕಾರಣ ‘ಬ್ಯಾಂಕ್ ಕೆಲಸ’.